ಬಾಗಿಲು ಯಾವ ದಿಕ್ಕಿಗಿರಬೇಕು?

ಅಮಾವಾಸ್ಯೆಯ ಬೆಳಿಗ್ಗೆ ಗೋಕಾಕದ ಬಾಜಾರಿನಲ್ಲಿ ಒಂದು ಸುತ್ತು ಹಾಕಿದರೆ ಮೊದಲು ಮೂಗಿಗೆ ಬಡಿಯುವುದು ಊದುಬತ್ತಿಯ ವಾಸನೆ. ಆಮೇಲೆ ಕರದಂಟಿನ ಅಂಗಡಿಗಳಿಂದ ಬರುವ ಬೆಲ್ಲ, ತುಪ್ಪ, ಹುರಿದ ಅಂಟಿನ ಘಮ. ತಕ್ಕಡಿಗೆ ಕುಂಕುಮ, ಗಲ್ಲೆಗೆ ಹೂವು, ಬಾಗಿಲ ನಡುವೆ ಲಿಂಬೆಹಣ್ಣು ಮತ್ತು ಹಸಿಮೆಣಸಿನಕಾಯಿಯ ಸರ. ನಿನ್ನೆಯ ಬಾಡಿದ ಸರ ರಸ್ತೆಯ ಮೇಲೆ ಬಿದ್ದಿರುತ್ತದೆ. ಅದನ್ನು ತುಳಿಯಬಾರದೆಂದು ಶಾಲೆಗೆ ಹೋಗುವ ಮಕ್ಕಳು ಒಂದು ಹೆಜ್ಜೆ ಹಾರಿ ದಾಟುತ್ತಾರೆ. ಅದರಲ್ಲಿ ವಿಜ್ಞಾನದ ಪರೀಕ್ಷೆ ಬರೆಯಲು ಹೊರಟವರೂ ಇರುತ್ತಾರೆ.

ಅಂಥ ಬಾಜಾರಿನ ಒಂದು ಓಣಿಯ ಮೂಲೆಯಲ್ಲಿ ಒಂದು ಕಿರಾಣಿ ಅಂಗಡಿ. ಅಂಗಡಿಯ ಯಜಮಾನರು ಬೆಳಿಗ್ಗೆ ಬೋಣಿ ಆಗುವವರೆಗೆ ಯಾರಿಗೂ ಉದ್ರಿ ಕೊಡುವವರಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಉಪ್ಪು, ಸೂಜಿ ಮಾರುವವರಲ್ಲ. ಹಾಗೆಂದು ಅವರನ್ನು ಮೂಢರೆನ್ನುವಂತಿಲ್ಲ. ಶೇಂಗಾದ ಒಂದು ಹಿಡಿ ಕೈಯಲ್ಲಿ ಹಿಡಿದು ಅದರಲ್ಲಿ ಎಷ್ಟು ಜೊಳ್ಳಿದೆ ಎಂದು ಹೇಳಬಲ್ಲರು. ಯಾವ ಹಬ್ಬಕ್ಕೆ ಎಷ್ಟು ಚೀಲ ರವೆ ತರಿಸಬೇಕೆಂಬ ಲೆಕ್ಕ ಅವರ ಬಾಯಲ್ಲೇ ಇದೆ. ಮೂವತ್ತು ವರ್ಷ ತಕ್ಕಡಿ ಹಿಡಿದ ಕೈ ಅದು.

2019ರ ಆಗಸ್ಟ್‌ನಲ್ಲಿ ಆ ಕೈ ಸೋತಿತು. ಪಶ್ಚಿಮ ಘಟ್ಟದಲ್ಲಿ ಎಡೆಬಿಡದೆ ಮಳೆ ಸುರಿಯಿತು. ಹಿಡಕಲ್ ಜಲಾಶಯದ ಸಾಮರ್ಥ್ಯ 51 ಟಿಎಂಸಿ ಅಡಿ. ಅದು ತುಂಬಿ, ನೀರನ್ನು ಹೊರಗೆ ಬಿಡಲೇಬೇಕಾಯಿತು. ಘಟಪ್ರಭಾ, ಮಾರ್ಕಂಡೇಯ ಎರಡೂ ನದಿಗಳು ಒಮ್ಮೆಲೇ ಉಕ್ಕಿದವು. ಲೋಳಸೂರ ಸೇತುವೆ ಮುಳುಗಿತು. ಊರಿನ ಹಳೆಯ ಓಣಿಗಳಲ್ಲಿ ಮನೆ, ಅಂಗಡಿಗಳು ದಿನಗಟ್ಟಲೆ ನೀರಿನಲ್ಲಿ ನಿಂತವು. ಇವರ ಅಂಗಡಿಯಲ್ಲಿ ಸಕ್ಕರೆ ಕರಗಿ ಹೋಯಿತು, ಬೇಳೆ ಮೊಳಕೆ ಬಂದು ಕೊಳೆಯಿತು, ಕಿರ್ದಿ ಪುಸ್ತಕಗಳು ಮುದ್ದೆಯಾದವು. ಗೋಡೆಯ ಮೇಲೆ ಎದೆಯ ಎತ್ತರಕ್ಕೆ ಹಳದಿ ಗೆರೆಯೊಂದು ಉಳಿಯಿತು.

ಸಾಲ ತಂದು ಮತ್ತೆ ಅಂಗಡಿ ತೆರೆದರು. ಆರು ತಿಂಗಳಾಗುವಷ್ಟರಲ್ಲಿ, 2020ರ ಮಾರ್ಚ್‌ನಲ್ಲಿ, ಲಾಕ್‌ಡೌನ್ ಬಂತು. ಕಿರಾಣಿ ಅಂಗಡಿಗೆ ಅರ್ಧ ದಿನದ ಸವಲತ್ತು ಸಿಕ್ಕಿತಾದರೂ ಕೊಳ್ಳುವವರ ಕೈಯಲ್ಲಿ ರೊಕ್ಕವಿರಲಿಲ್ಲ. ಆಗ ಪರಿಚಯದವರೊಬ್ಬರು ಬಂದು ನಿಂತು, ಅಂಗಡಿಯನ್ನು ಮೇಲಿಂದ ಕೆಳಗೆ ನೋಡಿ, ನಿಟ್ಟುಸಿರು ಬಿಟ್ಟರು.

“ಸಾವ್ಕಾರ್ರ, ನಿಮ್ಮ ಬಾಗಲಾ ದಕ್ಷಿಣಕ್ಕ ಐತ್ರಿ. ಲಕ್ಷ್ಮಿ ನಿಲ್ಲೂದ ಹೆಂಗ? ಪೂರ್ವದ ಗ್ವಾಡಿ ಒಡದು ಆ ಕಡೆ ಬಾಗಲಾ ಮಾಡಸ್ರಿ.”

ಗೋಡೆ ಒಡೆಯಲು, ಶಟರ್ ಕೂಡಿಸಲು, ಶಾಂತಿ ಮಾಡಿಸಲು ಆಗುವ ಖರ್ಚಿಗೆ ಮನೆಯಲ್ಲಿ ಇದ್ದ ಹಣ ಒಂದೇ. ಮಗಳ ಮುಂದಿನ ಓದಿಗೆಂದು ವರ್ಷಗಳಿಂದ ದಿನಕ್ಕಿಷ್ಟು ಎಂದು ಕಟ್ಟುತ್ತ ಬಂದಿದ್ದ ಪಿಗ್ಮಿ ಹಣ. ಮಗಳು ಪಿಯುಸಿ ಮೊದಲ ವರ್ಷ, ವಿಜ್ಞಾನ ವಿಭಾಗ.

ಯಾರ ಕೈಯಲ್ಲಿದೆ ಸೂತ್ರ?

ಮನುಷ್ಯ ತನ್ನ ಸೋಲು ಗೆಲುವುಗಳಿಗೆ ಯಾರನ್ನು ಹೊಣೆ ಮಾಡುತ್ತಾನೆ? ಈ ಪ್ರಶ್ನೆಯನ್ನು ಹಿಡಿದು ಅಮೆರಿಕದ ಮನಶ್ಶಾಸ್ತ್ರಜ್ಞ ಜೂಲಿಯನ್ ರಾಟರ್ 1966ರಲ್ಲಿ ಒಂದು ಅಳತೆಗೋಲನ್ನು ಪ್ರಕಟಿಸಿದರು. ತನಗೆ ಆಗುವುದೆಲ್ಲ ಬಹುಮಟ್ಟಿಗೆ ತನ್ನ ನಡೆಯಿಂದಲೇ ಎಂದು ನಂಬುವವರು ಒಂದು ಕಡೆ. ಅದೃಷ್ಟ, ವಿಧಿ ಅಥವಾ ಇತರರಿಂದ ಎಂದು ನಂಬುವವರು ಇನ್ನೊಂದು ಕಡೆ. ಹೆಚ್ಚಿನವರು ಈ ಎರಡರ ನಡುವೆ ಎಲ್ಲೋ ಇರುತ್ತಾರೆ. 1973ರಲ್ಲಿ ಹ್ಯಾನಾ ಲೆವೆನ್‌ಸನ್ ಎಂಬಾಕೆ ಇದನ್ನು ಇನ್ನಷ್ಟು ಬಿಡಿಸಿದರು. ಹೊರಗಿನ ಶಕ್ತಿ ಎಂದರೆ ಎಲ್ಲವೂ ಒಂದೇ ಅಲ್ಲ, ಅದೃಷ್ಟ ಬೇರೆ, ಬಲಾಢ್ಯರ ಹಿಡಿತ ಬೇರೆ ಎಂದರು.

ಬಾಜಾರಿನ ಮಾತಿನಲ್ಲಿ ಹೇಳುವುದಾದರೆ ವ್ಯಾಪಾರಿಯ ಮುಂದೆ ಮೂರು ಸೂತ್ರಗಳಿವೆ. ಒಂದು ಅವನ ಕೈಯಲ್ಲಿದೆ: ತೂಕ, ಮಾತು, ಮಾಲಿನ ಗುಣ, ಉದ್ರಿಯ ಮಿತಿ. ಎರಡನೆಯದು ಬೇರೆಯವರ ಕೈಯಲ್ಲಿದೆ: ಠೋಕು ವ್ಯಾಪಾರಿ ಹೇಳುವ ದರ, ಬ್ಯಾಂಕಿನ ಬಡ್ಡಿ, ಸರಕಾರದ ತೆರಿಗೆ. ಮೂರನೆಯದು ಯಾರ ಕೈಯಲ್ಲೂ ಇಲ್ಲ: ಮಳೆ, ರೋಗ, ಮಹಾಪೂರ. ಸಂಬಳದ ನೌಕರನಿಗಿಂತ ಸಣ್ಣ ವ್ಯಾಪಾರಿಗೆ ಎರಡನೆಯ ಮತ್ತು ಮೂರನೆಯ ಸೂತ್ರಗಳ ಜಗ್ಗಾಟ ಹೆಚ್ಚು. ಅವನ ಅಂಗಡಿಯ ಬಾಗಿಲಿಗೆ ಲಿಂಬೆಹಣ್ಣು ಜೋತು ಬಿದ್ದಿರುವುದಕ್ಕೆ ಕಾರಣವನ್ನು ಇಲ್ಲಿಯೇ ಹುಡುಕಬೇಕು.

ಮಾನವಶಾಸ್ತ್ರಜ್ಞ ಮಾಲಿನೋವ್‌ಸ್ಕಿ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಇದ್ದುಕೊಂಡು ಅಲ್ಲಿನ ಮೀನುಗಾರರನ್ನು ಗಮನಿಸಿದರು. ದಂಡೆಯ ಒಳಗಿನ ಶಾಂತ ನೀರಿನಲ್ಲಿ ಮೀನು ಹಿಡಿಯುವಾಗ ಅವರು ಯಾವ ಮಂತ್ರವನ್ನೂ ಹಾಕುತ್ತಿರಲಿಲ್ಲ. ಅಲ್ಲಿ ಜಾಣ್ಮೆಯೇ ಸಾಕು. ತೆರೆದ ಕಡಲಿಗೆ ಹೊರಟಾಗ ಮಾತ್ರ ಮಂತ್ರ, ಕ್ರಿಯೆ ಎಲ್ಲವೂ ಬೇಕಾಗುತ್ತಿದ್ದವು. ಅಪಾಯ ಎಲ್ಲಿ ಹೆಚ್ಚೋ ಅಲ್ಲಿ ಮಂತ್ರ ಹೆಚ್ಚು. 2008ರಲ್ಲಿ ವಿಟ್ಸನ್ ಮತ್ತು ಗಾಲಿನ್‌ಸ್ಕಿ ಎಂಬ ಸಂಶೋಧಕರು ಪ್ರಕಟಿಸಿದ ಪ್ರಯೋಗಗಳು ಇದಕ್ಕೇ ಹೊಂದುತ್ತವೆ. ಹಿಡಿತ ತಪ್ಪಿದೆ ಎಂಬ ಭಾವನೆ ಹುಟ್ಟಿಸಿದಾಗ, ಜನರಿಗೆ ಬರೀ ಚುಕ್ಕೆಗಳ ಗೊಂದಲದಲ್ಲೂ ಇಲ್ಲದ ಚಿತ್ರಗಳು ಕಂಡವಂತೆ. ಮಹಾಪೂರದ ನಂತರ ಬಾಗಿಲಿನ ದಿಕ್ಕು ಕಣ್ಣಿಗೆ ಬಿದ್ದದ್ದು ಹೀಗೆಯೇ ಅಲ್ಲವೇ? ಅದಕ್ಕೆ ಮೊದಲೂ ಆ ಬಾಗಿಲು ದಕ್ಷಿಣಕ್ಕೇ ಇತ್ತು.

ಮೂಡಲಗಿಯ ಸುಳಿ

ಗೋಕಾಕ ತಾಲೂಕಿನಲ್ಲಿದ್ದು ಈಗ ತಾನೇ ಒಂದು ತಾಲೂಕಾಗಿರುವ ಮೂಡಲಗಿ ದನದ ಪೇಟೆಗೆ ಹೆಸರಾದ ಊರು. ಹೈನದ ಆಕಳು, ಎಮ್ಮೆ ಕೊಳ್ಳಲು ದೂರದಿಂದ ಜನ ಬರುತ್ತಾರೆ. ದಲಾಲರು ಟವೆಲಿನ ಮರೆಯಲ್ಲಿ ಬೆರಳು ಹಿಡಿದು ದರ ಹೇಳುವುದನ್ನು ನೋಡುವುದೇ ಒಂದು ಸೊಗಸು. ಕೊಳ್ಳುವ ಹಿರಿಯರು ಹಲ್ಲು ನೋಡುತ್ತಾರೆ, ಕೆಚ್ಚಲು ಮುಟ್ಟುತ್ತಾರೆ, ನಡೆಸಿ ನೋಡುತ್ತಾರೆ. ಇವೆಲ್ಲ ಅನುಭವದಿಂದ ಬಂದ ವಿಜ್ಞಾನವೇ. ಹಲ್ಲು ವಯಸ್ಸನ್ನು ಹೇಳುತ್ತದೆ, ಕೆಚ್ಚಲು ಹಾಲನ್ನು ಹೇಳುತ್ತದೆ.

ಆಮೇಲೆ ಅವರು ಸುಳಿ ನೋಡುತ್ತಾರೆ. ಹಣೆಯ ಮೇಲೆ, ಬೆನ್ನಿನ ಮೇಲೆ ಕೂದಲು ಸುತ್ತಿಕೊಂಡ ಜಾಗ ಅದು. ಈ ಸುಳಿ ಇದ್ದರೆ ಮನೆಗೆ ಏಳಿಗೆ, ಆ ಸುಳಿ ಇದ್ದರೆ ಯಜಮಾನನಿಗೆ ಕೇಡು ಎಂದು ಲೆಕ್ಕ. ಒಳ್ಳೆಯ ಹಾಲಿನ ಆಕಳೊಂದು ಕೆಟ್ಟ ಸುಳಿಯ ಹೆಸರಿನಲ್ಲಿ ಕಡಿಮೆ ದರಕ್ಕೆ ಹೋಗುವುದುಂಟು. ಮಾರುವವನ ನಷ್ಟ ನಿಜವಾದ ರೊಕ್ಕದಲ್ಲಿ ಆಗುತ್ತದೆ. ಅದನ್ನೇ ಕೊಂಡು, ನಂಬಿಕೆ ಇಲ್ಲದ ಊರಿಗೆ ಒಯ್ದು, ಪೂರ್ತಿ ದರಕ್ಕೆ ಮಾರುವ ಜಾಣನಿಗೆ ಲಾಭ. ಕೆಟ್ಟ ಸುಳಿಯ ಕೇಡು ಯಾರಿಗೆ ತಟ್ಟಿತು ಎಂದು ಇದರಿಂದಲೇ ತಿಳಿಯಬಹುದು.

ಹಾಗಾದರೆ ಸುಳಿ ಎಂಬುದು ಪೂರ್ತಿ ಸುಳ್ಳೇ? ಇಲ್ಲಿ ವಿಜ್ಞಾನ ಅವಸರ ಮಾಡುವುದಿಲ್ಲ. ಅಮೆರಿಕದ ಪಶುವಿಜ್ಞಾನಿ ಟೆಂಪಲ್ ಗ್ರಾಂಡಿನ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಣೆಯ ಸುಳಿ ಕಣ್ಣಿಗಿಂತ ಮೇಲಿದ್ದ ದನಗಳು ಹಿಡಿದು ನಿಲ್ಲಿಸಿದಾಗ ಹೆಚ್ಚು ಗಾಬರಿಗೊಂಡದ್ದು ಕಂಡುಬಂತು. ಅಂದರೆ ಸುಳಿಗೂ ದನದ ಸ್ವಭಾವಕ್ಕೂ ಏನೋ ಒಂದು ನಂಟಿರಬಹುದು. ಆದರೆ ದನದ ಸುಳಿಗೂ ಕೊಂಡವನ ಮನೆಯ ಸಾವು ನೋವಿಗೂ ನಂಟು ಕಟ್ಟಲು ಯಾವ ಆಧಾರವೂ ಇಲ್ಲ. ಪರೀಕ್ಷೆಗೆ ನಿಲ್ಲುವ ಮಾತನ್ನು ನಿಲ್ಲಿಸಿ ನೋಡಬೇಕು, ನಿಲ್ಲದ್ದನ್ನು ಬಿಡಬೇಕು. ವಿದ್ಯಾರ್ಥಿಗಳು ಪಾಠದಿಂದ ಕಲಿಯಬೇಕಾದದ್ದು ಇಷ್ಟೇ.

ಹುಕ್ಕೇರಿಯ ಗಿರಣಿ

ಹುಕ್ಕೇರಿ ತಾಲೂಕಿನ ಒಂದು ಹಳ್ಳಿಯಲ್ಲಿ ಹಿಟ್ಟಿನ ಗಿರಣಿ ನಡೆಸುವವರೊಬ್ಬರ ಮೋಟಾರು ಒಂದು ಅಮಾವಾಸ್ಯೆಯ ಹಿಂದಿನ ದಿನ ಸುಟ್ಟಿತು. ಕೆಲವು ತಿಂಗಳ ಬಳಿಕ ಮತ್ತೊಂದು ಅಮಾವಾಸ್ಯೆಯಾದ ಎರಡು ದಿನಕ್ಕೆ ಮತ್ತೆ ಸುಟ್ಟಿತು. ದೃಷ್ಟಿ ತಗುಲಿದೆ ಎಂದು ಕುಂಬಳಕಾಯಿ ಒಡೆದರು. ಅಮಾವಾಸ್ಯೆಯ ಹಿಂದೆ ಮುಂದೆ ಗಿರಣಿಯನ್ನೇ ಬಂದ್ ಇಡತೊಡಗಿದರು.

ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು. ಒಂದು ಅಮಾವಾಸ್ಯೆಯಿಂದ ಇನ್ನೊಂದಕ್ಕೆ ಸುಮಾರು 29.5 ದಿನ. ಅಮಾವಾಸ್ಯೆಯ ಹಿಂದೆ ಎರಡು, ಮುಂದೆ ಎರಡು ದಿನ ಹಿಡಿದರೆ ಒಟ್ಟು ಐದು ದಿನವಾಯಿತು. ಹುಣ್ಣಿಮೆಗೂ ಹಾಗೆಯೇ ಐದು. ಅಲ್ಲಿಗೆ ತಿಂಗಳ ಮೂರನೆಯ ಒಂದು ಭಾಗ ದಿನಗಳು ‘ಅಮಾಸಿ, ಹುಣ್ಣಿವಿ ಹತ್ತಿರದ’ ದಿನಗಳೇ. ಯಾವ ಅವಘಡವಾದರೂ ಮೂರರಲ್ಲೊಂದು ಸಲ ಅಲ್ಲಿ ಬೀಳಲೇಬೇಕು. ಬಿದ್ದದ್ದು ನೆನಪಿನಲ್ಲಿ ಉಳಿಯುತ್ತದೆ, ಬೀಳದ್ದು ಮರೆತು ಹೋಗುತ್ತದೆ.

ಮೂರನೆಯ ಸಲ ಸುತ್ತಿಸಲು ಒಯ್ದಾಗ ಮೋಟಾರು ಸುತ್ತುವ ಹುಡುಗ ಸುಟ್ಟ ತಂತಿಯನ್ನು ನೋಡಿ, “ಕಾಕಾ, ಒಂದ ಫೇಸ್ ತಪ್ಪಾಕತ್ತೈತಿ. ನಿಮ್ಮ ಬೋರ್ಡ ತೋರಸ್ರಿ” ಎಂದ. ಬಂದು ನೋಡಿದರೆ ಗಿರಣಿಯ ಸ್ವಿಚ್ ಬೋರ್ಡಿನಲ್ಲಿ ಒಂದು ಫ್ಯೂಜು ಸಡಿಲಾಗಿತ್ತು. ಮೂರು ಫೇಸಿನ ಮೋಟಾರಿಗೆ ಒಂದು ಫೇಸ್ ತಪ್ಪಿದರೆ ಅದು ಕೂಡಲೇ ನಿಲ್ಲುವುದಿಲ್ಲ. ಉಳಿದ ಎರಡರಿಂದಲೇ ಹೆಚ್ಚು ಕರೆಂಟು ಎಳೆದುಕೊಂಡು ತಿರುಗಲು ಹೆಣಗುತ್ತದೆ. ಸುರುಳಿ ಕಾಯ್ದು, ಮೇಲಿನ ನಿರೋಧಕ ಲೇಪ ಸುಟ್ಟು ಹೋಗುತ್ತದೆ. ಹೊಸ ಫ್ಯೂಜು, ಜೊತೆಗೆ ಫೇಸ್ ತಪ್ಪಿದರೆ ತಾನೇ ಬಂದ್ ಮಾಡುವ ಒಂದು ಸಣ್ಣ ಉಪಕರಣ. ಅಲ್ಲಿಗೆ ದೃಷ್ಟಿ ನಿವಾರಣೆಯಾಯಿತು.

ಹುಕ್ಕೇರಿಯ ವಿಷಯ ಬಂದಾಗ ಇನ್ನೊಂದು ಮಾತು ನೆನೆಯಬೇಕು. 1969ರಲ್ಲಿ ಈ ತಾಲೂಕಿನ ಜನ ಸೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವನ್ನು ಕಟ್ಟಿಕೊಂಡರು. ಹಳ್ಳಿಗಳಿಗೆ ಕರೆಂಟು ಹಂಚುವ ಕೆಲಸವನ್ನು ತಾವೇ ಹೊತ್ತರು. ಅದಕ್ಕೂ ಮೊದಲು, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರಿಗಾಗಿ ಸಹಕಾರಿ ಸಂಘ ಕಟ್ಟಿದ್ದರು. ಒಬ್ಬನ ಕೈಗೆ ನಿಲುಕದ ಸೂತ್ರ ಹತ್ತು ಜನ ಕೂಡಿದರೆ ನಿಲುಕುತ್ತದೆ. ‘ಎಲ್ಲಾ ನನ್ನ ಹಣೆಬರಹ’ ಮತ್ತು ‘ಎಲ್ಲಾ ನನ್ನ ಕೈಯಲ್ಲೇ’ ಎಂಬ ಎರಡು ಮಾತುಗಳ ನಡುವೆ ‘ನಾವು ಕೂಡಿ ಮಾಡೋಣ’ ಎಂಬ ಮೂರನೆಯ ಮಾತೂ ಒಂದಿದೆ.

ಪಾರಿವಾಳದ ಕುಣಿತ

1948ರಲ್ಲಿ ಬಿ.ಎಫ್. ಸ್ಕಿನ್ನರ್ ಎಂಬ ವಿಜ್ಞಾನಿ ಹಸಿದ ಎಂಟು ಪಾರಿವಾಳಗಳನ್ನು ಪೆಟ್ಟಿಗೆಗಳಲ್ಲಿ ಇರಿಸಿ, ಅವು ಏನು ಮಾಡಿದರೂ ಮಾಡದಿದ್ದರೂ ಗೊತ್ತಾದ ಹೊತ್ತಿಗೊಮ್ಮೆ ಕಾಳು ಸಿಗುವಂತೆ ಮಾಡಿದ. ಕೆಲವು ದಿನಗಳಲ್ಲಿ ಆರು ಪಾರಿವಾಳಗಳು ವಿಚಿತ್ರವಾಗಿ ಆಡತೊಡಗಿದವು. ಒಂದು ಗಿರಗಿರ ಸುತ್ತುತ್ತಿತ್ತು, ಇನ್ನೊಂದು ಪೆಟ್ಟಿಗೆಯ ಮೂಲೆಗೆ ತಲೆ ಚಾಚುತ್ತಿತ್ತು. ತಮ್ಮ ಕುಣಿತದಿಂದಲೇ ಕಾಳು ಬೀಳುತ್ತಿದೆ ಎಂಬಂತೆ ಇತ್ತು ಅವುಗಳ ನಡೆ. ಮುಂದಿನ ಸಂಶೋಧಕರು ಈ ಕುಣಿತಕ್ಕೆ ಬೇರೆ ಕಾರಣಗಳನ್ನೂ ಹೇಳಿದ್ದಾರೆ. ಆದರೂ ಆ ಚಿತ್ರ ಮನಸ್ಸಿನಲ್ಲಿ ನಿಲ್ಲುತ್ತದೆ. ಅದೇ ಪೆನ್ನಿನಿಂದ ಬರೆದರೆ ಮಾತ್ರ ಪಾಸಾಗುತ್ತೇನೆ ಎನ್ನುವ ವಿದ್ಯಾರ್ಥಿಗೂ, ಮೊದಲ ಗಿರಾಕಿ ಇಂಥವನೇ ಬಂದರೆ ದಿನ ಚಲೋ ಎನ್ನುವ ವ್ಯಾಪಾರಿಗೂ ಅದರಲ್ಲಿ ತಮ್ಮ ಮುಖ ಕಂಡೀತು.

ಹಾಗೆಂದು ಎಲ್ಲವೂ ನನ್ನ ಕೈಯಲ್ಲೇ ಎಂದು ಬೀಗುವುದೂ ಒಂದು ಭ್ರಮೆಯೇ. 1975ರಲ್ಲಿ ಎಲೆನ್ ಲ್ಯಾಂಗರ್ ಒಂದು ಡಾಲರಿನ ಲಾಟರಿ ಚೀಟಿಗಳನ್ನು ಮಾರಿಸಿದರು. ಕೆಲವರಿಗೆ ಚೀಟಿ ಆರಿಸಿಕೊಳ್ಳಲು ಬಿಟ್ಟರು, ಕೆಲವರಿಗೆ ತಾವೇ ಕೊಟ್ಟರು. ಮರಳಿ ಮಾರುತ್ತೀರಾ ಎಂದಾಗ, ಕೊಟ್ಟ ಚೀಟಿಯವರು ಸರಾಸರಿ ಎರಡು ಡಾಲರಿನಷ್ಟು ಕೇಳಿದರೆ, ತಾವೇ ಆರಿಸಿದವರು ಎಂಟು ಡಾಲರಿಗೂ ಹೆಚ್ಚು ಕೇಳಿದರು. ಗೆಲ್ಲುವ ಅವಕಾಶ ಮಾತ್ರ ಇಬ್ಬರಿಗೂ ಒಂದೇ.

ನಾಡಿನ ದೊಡ್ಡವರೂ ಈ ಭಯದಿಂದ ಹೊರತಲ್ಲ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿಯ ಕುರ್ಚಿ ಹೋಗುತ್ತದೆ ಎಂಬ ಮಾತು ಬಹಳ ಕಾಲ ನಡೆದಿತ್ತು. ಸಿದ್ದರಾಮಯ್ಯನವರು ಹಲವು ಸಲ ಅಲ್ಲಿಗೆ ಹೋಗಿಯೂ 2013ರಿಂದ 2018ರವರೆಗೆ ಐದು ವರ್ಷ ಪೂರೈಸಿದರು. ವಾಸ್ತು ಸರಿಯಿಲ್ಲವೆಂದು ಮುಚ್ಚಿದ್ದ ವಿಧಾನಸೌಧದ ತಮ್ಮ ಕೊಠಡಿಯ ಬಾಗಿಲನ್ನು 2023ರಲ್ಲಿ ತೆಗೆಸಿದರು. ಗೋಕಾಕದವರೇ ಆದ ಸತೀಶ ಜಾರಕಿಹೊಳಿಯವರು 2014ರ ಡಿಸೆಂಬರ್ 6ರ ರಾತ್ರಿಯನ್ನು ಬೆಳಗಾವಿಯ ಸದಾಶಿವನಗರದ ಸ್ಮಶಾನದಲ್ಲಿ ಕಳೆದು, ಸ್ಮಶಾನದ ಭಯ ಬಿಡಿ ಎಂದರು. ದಿನ, ತಿಥಿ, ಶಕುನಗಳ ಭಯವನ್ನು ಹನ್ನೆರಡನೆಯ ಶತಮಾನದಲ್ಲೇ ಶರಣರು ಪ್ರಶ್ನಿಸಿದ್ದರು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳ ಪರೀಕ್ಷೆಗೆ ಸಮಿತಿಯನ್ನೇ ರಚಿಸಿದ್ದರು. ಅಮಾನವೀಯ ಆಚರಣೆಗಳನ್ನು ತಡೆಯುವ ರಾಜ್ಯದ 2017ರ ಕಾನೂನು 2020ರಲ್ಲಿ ಜಾರಿಗೆ ಬಂತು. ಆದರೆ ಮನೆಯ ಪೂಜೆ, ವಾಸ್ತುವಿನ ಸಲಹೆಗಳ ಗೋಜಿಗೆ ಅದು ಹೋಗುವುದಿಲ್ಲ. ಅಲ್ಲಿ ತೀರ್ಮಾನ ಮನೆಯವರದೇ.

ಮಗಳ ಲೆಕ್ಕ

ಗೋಕಾಕದ ಆ ಮನೆಯಲ್ಲಿ ತೀರ್ಮಾನ ಆದದ್ದು ಹೀಗೆ. ಕಾಲೇಜು ಸರಿಯಾಗಿ ನಡೆಯದ ಆ ದಿನಗಳಲ್ಲಿ ಮಗಳು ಗಲ್ಲೆಯ ಹತ್ತಿರ ಕೂಡುತ್ತಿದ್ದಳು. ಮಹಾಪೂರದ ನಂತರದ ಕಿರ್ದಿಗಳನ್ನು ತೆರೆದು ದಿನದಿನದ ವ್ಯಾಪಾರವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಲಾಕ್‌ಡೌನಿನ ದಿನಗಳನ್ನು ಬೇರೆ ಇಟ್ಟಳು. ಅಮಾವಾಸ್ಯೆಗಳಿಗೆ ಕೆಂಪು ಗುರುತು ಹಾಕಿದಳು. ಆ ದಿನಗಳ ವ್ಯಾಪಾರ ಉಳಿದ ದಿನಗಳಿಗಿಂತ ಹೆಚ್ಚೂ ಇರಲಿಲ್ಲ, ಕಡಿಮೆಯೂ ಇರಲಿಲ್ಲ. ಏರುತ್ತಿದ್ದದ್ದು ತಿಂಗಳ ಮೊದಲ ವಾರ, ಸಂತೆಯ ದಿನ, ಹಬ್ಬದ ಮುಂಚೆ. ಇನ್ನೊಂದು ಪುಟದಲ್ಲಿ ಅವಳು ಉದ್ರಿಯ ಹೆಸರುಗಳನ್ನು ಕೂಡಿಸಿದಳು. ಆ ಮೊತ್ತ ನೋಡಿ ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು.

“ಅಪ್ಪಾ, ಬಾಗಲಾ ದಕ್ಷಿಣಕ್ಕಿದ್ದದ್ದಕ್ಕ ಹಿಂಗಾತಂದ್ರ, ನಮ್ಮ ಸಾಲಿನಾಗ ಎಲ್ಲಾ ಅಂಗಡಿ ಬಾಗಲಾನೂ ದಕ್ಷಿಣಕ್ಕನ ಅದಾವಲ್ಲ? ಎದುರಿನ ಸಾಲು ಉತ್ತರಕ್ಕೈತಿ. ಅವರ ಅಂಗಡ್ಯಾಗ ನೀರ ಹೋಗಲಿಲ್ಲೇನ?”

ಅಪ್ಪ ಮಾತಾಡಲಿಲ್ಲ.

“ಮತ್ತ ಪೂರ್ವಕ್ಕ ಬಾಗಲಾ ಮಾಡಿದರ ಅದು ಸಂದಿಗೆ ತೆರೀತೈತಿ. ಆ ಸಂದ್ಯಾಗ ಮಂದೀನ ಅಡ್ಡಾಡೂದಿಲ್ಲ.”

ಒಳಗಿನಿಂದ ಅವ್ವ, “ಆಕಿ ಹೇಳೂದು ಖರೆ ಐತಿ ನೋಡ್ರಿ” ಎಂದಳು. ಅಜ್ಜಿ ಮಾತ್ರ, “ದೇವರ ವಿಷಯದಾಗ ಬಾಯಿ ಹಾಕಬ್ಯಾಡವಾ” ಎಂದು ಗದರಿದಳು. “ನಾ ದೇವರ ಬಗ್ಗೆ ಏನೂ ಅಂದಿಲ್ಲ ಆಯಿ, ಗ್ವಾಡಿ ಬಗ್ಗೆ ಅಂದೀನಿ” ಎಂದು ಮೊಮ್ಮಗಳು ನಕ್ಕಳು.

ಈ ಮಾತು ಪಾಲಕರು ಗಮನಿಸಬೇಕಾದ ಮಾತು. ಬೆಳಿಗ್ಗೆ ಅಂಗಡಿ ಗುಡಿಸಿ, ದೀಪ ಹಚ್ಚಿ, ಕೈಮುಗಿದು ಕೂಡುವುದರಿಂದ ಮನಸ್ಸು ನಿಲ್ಲುತ್ತದೆ, ಕೆಲಸಕ್ಕೆ ಒಂದು ಶಿಸ್ತು ಬರುತ್ತದೆ. ಅದಕ್ಕೆ ಖರ್ಚೂ ಇಲ್ಲ, ಕೇಡೂ ಇಲ್ಲ. ಆದರೆ ಒಂದು ನಂಬಿಕೆ ಮಾಡಬೇಕಾದ ಕೆಲಸವನ್ನು ತಪ್ಪಿಸಿದರೆ, ಮಕ್ಕಳ ಓದಿನ ಹಣವನ್ನು ನುಂಗಿದರೆ, ನೆರೆಯವರನ್ನು ಅಪಶಕುನವೆಂದು ದೂರ ಇರಿಸಿದರೆ ಅದನ್ನು ಎದುರಿಗೆ ಕೂಡಿಸಿಕೊಂಡು ಪ್ರಶ್ನಿಸಬೇಕು. ಲಿಂಬೆಹಣ್ಣಿನ ಸರಕ್ಕೆ ‘ಅದರಲ್ಲಿ ವಿಜ್ಞಾನವಿದೆ’ ಎಂದು ಬಣ್ಣ ಬಳಿಯುವ ಅಗತ್ಯವೂ ಇಲ್ಲ. ಲಿಂಬೆಯಲ್ಲಿ ಸಿ ಜೀವಸತ್ವ ಇರುವುದು ನಿಜ. ಅದು ಬಾಗಿಲಿಗೆ ಕಟ್ಟಿದಾಗ ಅಲ್ಲ, ತಿಂದಾಗ ಉಪಯೋಗಕ್ಕೆ ಬರುತ್ತದೆ.

ಪರೀಕ್ಷೆಯ ಫಲಿತಾಂಶ ಕೆಟ್ಟಾಗ ‘ಇವನ ಗ್ರಹಗತಿ ಸರಿಯಿಲ್ಲ’ ಎನ್ನುವ ತಂದೆ, ಮಗನ ಕೈಯಿಂದ ಸೂತ್ರವನ್ನು ಕಿತ್ತುಕೊಂಡಂತೆ. ‘ಎಲ್ಲಾ ನಿನ್ನ ಸೋಮಾರಿತನ’ ಎಂದು ಬಡಿಯುವ ತಂದೆ, ಮಗನ ಕೈಯಲ್ಲಿಲ್ಲದ ಸೂತ್ರವನ್ನೂ ಅವನ ಕೊರಳಿಗೆ ಕಟ್ಟಿದಂತೆ. ಇದರಲ್ಲಿ ನಿನ್ನ ಕೈಯಲ್ಲಿದ್ದದ್ದು ಯಾವುದು, ಇಲ್ಲದ್ದು ಯಾವುದು ಎಂದು ಜೊತೆಗೆ ಕುಳಿತು ಬೇರ್ಪಡಿಸುವುದೇ ನಿಜವಾದ ಪಾಠ.

ಬಾಗಿಲು ಇದ್ದಲ್ಲೇ ಉಳಿಯಿತು. ಪಿಗ್ಮಿ ಹಣದಲ್ಲಿ ಸ್ವಲ್ಪ ತೆಗೆದು, ಗೋಡೆಯ ಹಳದಿ ಗೆರೆಗಿಂತ ಒಂದು ಮೊಳ ಮೇಲೆ ಕಬ್ಬಿಣದ ಅಟ್ಟ ಹೊಡೆಸಿದರು. ಅಂಗಡಿಗೆ ವಿಮೆ ಮಾಡಿಸಿದರು. ಉದ್ರಿಗೆ ಮಿತಿ ಹಾಕಿದರು. ಅದರಿಂದ ಒಂದಿಬ್ಬರು ಹಳೆಯ ಗಿರಾಕಿಗಳು ಮುನಿಸಿಕೊಂಡು ಬೇರೆ ಅಂಗಡಿಗೆ ಹೋದರು.

2021ರ ಜುಲೈನಲ್ಲಿ ಘಟಪ್ರಭೆ ಮತ್ತೆ ಉಕ್ಕಿದಳು. ನೀರು ಓಣಿಗೆ ಬಂತು. ಕೆಳಗಿದ್ದ ಉಪ್ಪಿನ ಚೀಲಗಳು ಹೋದವು, ಕೆಲವು ದಿನಗಳ ವ್ಯಾಪಾರವೂ ಹೋಯಿತು. ಆದರೆ ಬೇಳೆ, ಸಕ್ಕರೆ, ಕಿರ್ದಿ ಎಲ್ಲವೂ ಅಟ್ಟದ ಮೇಲೆ ಒಣಗಿದ್ದವು. ನೀರು ಇಳಿದ ಮೇಲೆ ಶಟರ್ ಎತ್ತಿ ಒಳಗೆ ನೋಡಿದ ಅಪ್ಪ, “ದೇವರು ದೊಡ್ಡಾಂವ” ಎಂದು ಕೈ ಜೋಡಿಸಿದರು. ಮಗಳು ಎದುರಾಡಲಿಲ್ಲ. ಬಾರಿಗೆ ತಗೊಂಡು ರಾಡಿ ಬಳಿಯತೊಡಗಿದಳು.

ಆ ಅಮಾವಾಸ್ಯೆಗೂ ಬಾಗಿಲಿಗೆ ಹೊಸ ಲಿಂಬೆಹಣ್ಣು ಬಂತು. ಅದನ್ನು ಕಟ್ಟಲು ಅಪ್ಪ ಹತ್ತಿ ನಿಂತದ್ದು, ಅಟ್ಟಕ್ಕೆ ಮಾಲು ಏರಿಸಲೆಂದು ತಂದಿಟ್ಟಿದ್ದ ಏಣಿಯನ್ನೇ.